ಎತ್ತಿಟ್ಟ ಕಲ್ಲುಗಳು

"ಕಲ್ಲುಗಳೆಲ್ಲಿ?"

ಬಾನ್ ಇಕ್ಸುವಿನ ಒಂದು ಕಾಲಿನ ಬೂಟು ಬಿಚ್ಚಿತ್ತು. ಇನ್ನೊಂದು ಕಾಲು ಹೊಸಿಲಿನ ಆಚೆಗೇ ಉಳಿಯಿತು. ಬೀಗದಕೈ ಹಿಡಿದು ಹಿಂದೆ ನಿಂತಿದ್ದ ಮೇಂಗ್ ಸುನೊಕ್‌ಗೆ ಅವನ ಮುಖ ಕಾಣುತ್ತಿರಲಿಲ್ಲ. ಬೋಳಾಗುತ್ತಿದ್ದ ನಡುನೆತ್ತಿ ಮಾತ್ರ ಕಾಣುತ್ತಿತ್ತು.

"ಯಾವ ಕಲ್ಲು?"

"ಬಾದುಕ್ ಆಟದ ಕಲ್ಲು ಕಣ್ರೀ. ಕಪ್ಪು ಬಿಳಿ. ಈ ಹಲಗೆ ತುಂಬ ಇರ್ತಿದ್ವಲ್ಲ! ಯಾರು ತೆಗೆದ್ರು? ಪೊಲೀಸ್ನೋರಾ?"

ಸಿಯೋಲ್‌ನ ಮಾಂಗ್ವೊನ್ ಬೀದಿಯ ಈ ಮಾಳಿಗೆ ಕೋಣೆಯಲ್ಲಿ ಒಂಟಿಯಾಗಿದ್ದು, ವಿಡಿಯೋ ಆಟದ ಕಂಪನಿಯೊಂದಕ್ಕೆ ಹೊಸ ಭಾಷೆ ಕಟ್ಟಿಕೊಡುತ್ತಿದ್ದ ಪ್ಯೋ ಸೆರಿಮ್ ಹೋದ ತಿಂಗಳು ಕೆಳಗಿನ ಓಣಿಯಲ್ಲಿ ಸತ್ತು ಬಿದ್ದಿದ್ದಳು. ತಾನೇ ಹಾರಿಕೊಂಡಳು ಎಂದು ಠಾಣೆಯವರು ಬರೆದು ಮುಗಿಸುವ ಮೊದಲು ಬೇರೇನಾದರೂ ಹುಡುಕಿಕೊಡಿ ಎಂದು ಅವಳ ತಾಯಿ ಪತ್ತೇದಾರಿ ಸುನೊಕ್‌ಳ ಬಾಗಿಲು ತಟ್ಟಿದ್ದಳು.

ಬರೆದು ಮುಗಿಸುವುದು ನಾಳೆ ಸಂಜೆಗೆ.

ಸುನೊಕ್ ಚೀಲದಿಂದ ಫೋಟೋ ತೆಗೆದಳು. ಹಿಂದೆ ಪೊಲೀಸ್ ಕೆಲಸದಲ್ಲಿದ್ದಾಗಿನ ಗೆಳೆಯನೊಬ್ಬ ಕಣ್ಣು ತಪ್ಪಿಸಿಯೇ ಕೊಟ್ಟ ಪ್ರತಿ ಅದು. ಶವ ಸಿಕ್ಕ ಬೆಳಿಗ್ಗೆ ತೆಗೆದ ಕೋಣೆಯ ಚಿತ್ರ. ನೆಲದ ಮೇಲೆ ಕುಳ್ಳು ಕಾಲಿನ ಮರದ ಹಲಗೆ. ಮೇಲೆ ಒಂದೂ ಕಲ್ಲಿಲ್ಲ. ಹಲಗೆಯ ನಟ್ಟನಡುವೆ ಎರಡು ಮರದ ಬಟ್ಟಲು, ಮುಚ್ಚಳ ಮುಚ್ಚಿ, ಅಂಟಿಸಿಟ್ಟ ಹಾಗೆ ಅಕ್ಕಪಕ್ಕ. ಈಗಲೂ ಅಲ್ಲೇ ಇದ್ದವು, ಮೇಲೆ ತೆಳ್ಳಗೆ ಧೂಳು ಕೂತು.

"ಅವರು ಬರೋ ಮೊದಲೇ ಹೀಗಿತ್ತು," ಎಂದಳು. "ಇದನ್ನ ನೋಡೇ ಅವರು ತೀರ್ಮಾನಕ್ಕೆ ಬಂದದ್ದು. ಹೊರಡೋ ಮುಂಚೆ ಸಾಮಾನೆಲ್ಲ ಒಪ್ಪವಾಗಿ ಎತ್ತಿಟ್ಟಿದ್ದಾಳೆ, ಮನಸ್ಸು ಮಾಡಿಯೇ ಹೋಗಿದ್ದಾಳೆ ಅಂತ."

ಇಕ್ಸು ತಿರುಗಿ ನೋಡಿದ. ಐವತ್ತು ದಾಟಿದ ಗಂಡಸು. ದನಿ ಕೊಡುವುದು ಅವನ ಕಸುಬು. ಆ ಆಟದಲ್ಲಿ ಆಳಸಮುದ್ರದ ರಾಜನಿಗೆ ಮಾತಾಡುವವನು ಅವನೇ, ಟೀವಿಯಲ್ಲಿ ಮಲಬದ್ಧತೆಯ ಮಾತ್ರೆಗೆ ಮಾತಾಡುವವನೂ ಅವನೇ. ಬರುತ್ತಾ ಮೆಟ್ಟಿಲ ಮೇಲೆ ಅದನ್ನೇ ಹೇಳಿ ನಗಿಸಿದ್ದ.

"ಸೆರಿಮ್ ಎತ್ತಿಡೋದಾ? ಇದನ್ನಾ? ಅಕ್ಕಾ, ಈ ಹಲಗೆ ಪಕ್ಕದಲ್ಲಿ ನಾನು ಒಂದ್ಸಲ ಸೀನಿದ್ದಕ್ಕೆ ಬೈಸ್ಕೊಂಡಿದೀನಿ. ಇದು ಆಟ ಅಲ್ಲ."

"ಮತ್ತೇನು?"

"ಕ್ರಿಯಾಪದ."

ಸುನೊಕ್ ಸುಮ್ಮನೆ ಕಾದಳು. ಜನ ದುಃಖದಲ್ಲಿದ್ದಾಗ ಮಧ್ಯೆ ಬಾಯಿ ಹಾಕಿದರೆ ಮುಖ್ಯವಾದದ್ದು ನುಂಗಿಕೊಂಡುಬಿಡುತ್ತಾರೆ ಎಂಬುದು ಅವಳ ಭಯ. ಕೆಲಸದಲ್ಲಿ ಅವಳ ಅರ್ಧ ಜಾಣತನ ಇಂಥ ಭಯಗಳಿಂದಲೇ ಬಂದದ್ದು.

ಇಕ್ಸು ಹಲಗೆಯ ಮುಂದೆ ಮಂಡಿಯೂರಿ ಕೂತ. ಬಟ್ಟಲು ಮುಟ್ಟಲಿಲ್ಲ.

"ಈ ಅಡ್ಡಗೆರೆ ಒಂದೊಂದೂ ಒಂದೊಂದು ಧಾತು. ಬರು, ಹೋಗು, ಉಣ್ಣು, ಸಾಯು. ಈ ಉದ್ದಗೆರೆ ಒಂದೊಂದೂ ಒಂದೊಂದು ಪ್ರತ್ಯಯ. ಗೆರೆ ಎರಡೂ ಕೂಡೋ ಕಡೆ ಒಂದು ರೂಪ. ಹೊಸದೊಂದು ರೂಪ ಮಾಡಿದ್ಲು ಅಂದ್ರೆ ಅಲ್ಲೊಂದು ಬಿಳಿ ಕಲ್ಲು. ಆಮೇಲೆ ನನ್ನ ಕರೆಸೋಳು. ಸಿಟ್ಟಲ್ಲಿ ಹೇಳು, ಅಳ್ತಾ ಹೇಳು, ಬಾಯಲ್ಲಿ ನೂಡಲ್ಸ್ ಇಟ್ಕೊಂಡು ಹೇಳು ಅನ್ನೋಳು. ನನ್ನ ನಾಲಿಗೆ ಎಡವಿತೋ, ಬಿಳಿ ಕಲ್ಲು ಅಲ್ಲೇ. ಎಡವದೆ ಬಂತೋ, ಅದನ್ನ ತೆಗೆದು ಕಪ್ಪು ಕಲ್ಲು ಇಡೋಳು. ಕಪ್ಪು ಬಿದ್ದ ಮೇಲೇ ಅದು ಕಂಪ್ಯೂಟರಿಗೆ ಹೋಗ್ತಿದ್ದದ್ದು."

"ಬಿಳಿಯವು?"

"ಎಲ್ಲೂ ಇಲ್ಲ. ಇಲ್ಲೇ. ಬಾಯಿ ಒಪ್ಪದ ರೂಪಾನ ಬರೆದಿಟ್ರೆ ಅದು ಗಟ್ಟಿಯಾಗ್ಬಿಡತ್ತೆ, ಆಮೇಲೆ ತಿದ್ದೋಕೆ ಮನಸ್ಸು ಬರಲ್ಲ ಅನ್ನೋಳು." ಅವನು ಖಾಲಿ ಹಲಗೆಯ ಒಂದು ಮೂಲೆಯ ಮೇಲೆ ಅಂಗೈ ಹಿಡಿದ, ಕಾವು ಇದೆಯೋ ಎಂದು ನೋಡುವವನಂತೆ. "ಈ ಕಡೆ ಪೂರ್ತಿ ಬಿಳಿ ಇತ್ತು. ವರ್ಷಗಟ್ಟಲೆ ಕೆಲಸ. ಇದನ್ನ ಬಟ್ಟಲಿಗೆ ಸುರಿಯೋದಕ್ಕಿಂತ ಅವಳು ಮನೆಗೆ ಬೆಂಕಿ ಹಾಕ್ತಿದ್ಲು."

"ಕಂಪನಿಯೋರಿಗೆ ಅವಳ ಮೇಲೆ ಸಿಟ್ಟಿತ್ತಾ?"

"ರಾಜನ ವಿಷಯಕ್ಕೆ. ನಮ್ಮ ಭಾಷೇಲಿ ಹೇಗೆ? ಬಾ ಅನ್ನೋದೂ ದೊಡ್ಡೋರ ಮುಂದೆ ಬನ್ನಿ ಆಗತ್ತೆ, ಇನ್ನೂ ದೊಡ್ಡೋರ ಮುಂದೆ ದಯಮಾಡಿಸಿ ಆಗತ್ತೆ. ಮಾತು ಮುಗಿಯೋದ್ರೊಳಗೆ ಕ್ರಿಯಾಪದಕ್ಕೆ ಸೊಂಟನೋವು. ಸೆರಿಮ್ ಭಾಷೇಲಿ ಅದು ಬಗ್ಗಲ್ಲ, ಮುಳುಗತ್ತೆ. ಬಾ ಅಂದ್ರೂ, ಈಗ ಬರ್ತಿದ್ರೂ ತಾಲೆ, ಅದು ನೀರಿನ ಮೇಲ್ಮೈ. ಬಂದು ಹೋಗಿದ್ರೆ ತಾಲುಮ್, ನಡುನೀರು. ಮತ್ತೆ ಯಾವತ್ತೂ ಬರಲ್ಲ ಅಂದ್ರೆ ತಾಲುಮೋರ್, ತಳ. ಯಾರು ಬಂದ್ರು ಅನ್ನೋದು ಲೆಕ್ಕಕ್ಕಿಲ್ಲ. ರಾಜ ಬಂದ್ರೂ ತಾಲೆ, ಏಡಿ ಬಂದ್ರೂ ತಾಲೆ. ಕಂಪನಿಯೋರು ರಾಜನಿಗಾದ್ರೂ ಒಂದು ಮರ್ಯಾದೆ ರೂಪ ಕೊಡು ಅಂದ್ರು. ಒಪ್ಪಲಿಲ್ಲ. ರಾಜ ನಾನು, ನಂಗೇ ಬೇಡ ಅಂತ ಹೇಳಿದ್ದೆ!"

ಸುನೊಕ್ ಫೋಟೋವನ್ನು ಮತ್ತೊಮ್ಮೆ ನೋಡಿದಳು. ಹಲಗೆಯ ನಡುವೆ ಜೋಡಿ ಬಟ್ಟಲು. ಅವಳ ಅಪ್ಪ ಜನ ಕೂತು ಬಾದುಕ್ ಆಡುವ ಅಂಗಡಿಯಲ್ಲೇ ಮುದುಕನಾದವನು. ಅಪ್ಪನನ್ನು ಊಟಕ್ಕೆ ಕರೆಯಲು ಹೋದಾಗಲೆಲ್ಲ ಕಂಡದ್ದು ಇದನ್ನೇ: ಆಟ ಮುಗಿಯಿತೆಂದರೆ ಕಲ್ಲು ಬೇರ್ಪಡಿಸಿ ಬಟ್ಟಲಿಗೆ ತುಂಬಿ, ಮುಚ್ಚಿ, ಎರಡನ್ನೂ ಹಲಗೆಯ ನಡುವೆ ಕೂರಿಸಿಯೇ ಏಳುವುದು. ಹರಡಿದ ಹಲಗೆ ಬಿಟ್ಟು ಎದ್ದವನನ್ನು ಎರಡನೇ ದಿನ ಯಾರೂ ಆಟಕ್ಕೆ ಕರೆಯುತ್ತಿರಲಿಲ್ಲ.

"ಸೆರಿಮ್ ಬಾದುಕ್ ಆಡ್ತಿದ್ಲಾ?"

"ಅವಳಾ? ನಿಯಮವೂ ಗೊತ್ತಿರ್ಲಿಲ್ಲ. ಬಟ್ಟಲು ಎರಡೂ ಯಾವಾಗ್ಲೂ ನೆಲದ ಮೇಲೆ, ಬಲಗಡೆ, ಬಾಯಿ ತೆರ್ಕೊಂಡೇ ಇರೋವು."

"ಈ ಕೋಣೆಗೆ ಬರೋರಿಗೆಲ್ಲ ಇದು ಏನು ಅಂತ ಗೊತ್ತಿತ್ತಾ?"

"ಬರೋರು ಎಷ್ಟು ಜನ, ಪಾಪ. ಬಂದೋರಿಗೆ ಗೊತ್ತಿತ್ತು. ಬೂಟು ಬಿಚ್ಚೋದಕ್ಕೆ ಮುಂಚೆ ಎಚ್ಚರಿಕೆ ಹೇಳೋಳು."

ಹಾಗಾದರೆ ಎತ್ತಿಟ್ಟವನು ಬಾದುಕ್ ಅಂಗಡಿಯಲ್ಲಿ ಕೈ ಪಳಗಿಸಿಕೊಂಡವನು. ಮತ್ತು ಈ ಭಾಷೆ ಹೇಗೆ ಹುಟ್ಟುತ್ತಿತ್ತು ಎಂಬುದೇ ಗೊತ್ತಿಲ್ಲದವನು. ಈ ಎರಡನೆಯದು ಸುನೊಕ್‌ಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು. ಯಾಕೆಂದರೆ ಹಿಂದಿನ ವಾರ ಒಬ್ಬ ಪ್ರೊಫೆಸರನ ಕಪಾಟಿನಲ್ಲಿ ಅವಳು ಬಾದುಕ್ ಪಂದ್ಯದ ಫಲಕ ನೋಡಿದ್ದಳು. ಆತ ಎಲ್ಲ ಪತ್ರಿಕೆಗಳಿಗೂ ಹೇಳಿದ್ದು ಒಂದೇ ಮಾತು: ಆ ಕ್ರಿಯಾಪದಗಳ ನಿಯಮಗಳನ್ನು ಮಾಡಿದ್ದು ನಾನು, ಸೆರಿಮ್ ನನ್ನ ಶಿಷ್ಯೆ.

"ಆ ಮೂಲೇಲಿ ಕಲ್ಲು ಹೇಗಿದ್ವು ಅಂತ ನೆನಪಿದ್ಯಾ?"

"ನಾನು ಎಡವಿದ ಜಾಗ ಎಲ್ಲ ನೆನಪಿದೆ," ಎಂದ ಇಕ್ಸು. "ಅದೊಂದೇ ನಂಗೆ ಉಳಿದಿರೋದು."

*

ಮಾರನೆಯ ದಿನ ಮಧ್ಯಾಹ್ನ ನಾಟಕಮಂದಿರದ ಮುಂದೆ ಆಟದ ಬಿಡುಗಡೆಗೆ ಬಂದ ಹುಡುಗ ಹುಡುಗಿಯರ ಸಾಲು ರಸ್ತೆಯ ತಿರುವಿನವರೆಗೂ ಬೆಳೆದಿತ್ತು. ಅರ್ಧ ಜನ ಮುಖಕ್ಕೆ ನೀಲಿ ಬಳಿದುಕೊಂಡಿದ್ದರು. ಒಬ್ಬಳು ಇನ್ನೊಬ್ಬಳನ್ನು "ತಾಲೆ! ತಾಲೆ!" ಎಂದು ಕೂಗಿ ಕರೆಯುತ್ತಿದ್ದಳು. ಕರೆಸಿಕೊಂಡವಳು ಓಡಿ ಬಂದಳು.

ಮಾಲ್ಸುನ್ ಅದನ್ನು ಕೇಳಿಸಿಕೊಂಡು ನಿಂತಳು. ಸೆರಿಮಳ ತಾಯಿ. ಗುನ್ಸಾನ್ ಬಂದರಿನ ಮಾರುಕಟ್ಟೆಯಲ್ಲಿ ಒಣಮೀನು ಮಾರುವವಳು. ಬೇಡವೆಂದರೂ ಬೆಳಗಿನ ಬಸ್ಸು ಹತ್ತಿ ಬಂದಿದ್ದಳು.

"ಏನಂತೆ ಅದು?"

"ಬಾ ಅಂತ, ಅಮ್ಮಾ."

"ಅಷ್ಟೇನಾ." ಮಾಲ್ಸುನ್ ಓಡಿ ಬಂದ ಹುಡುಗಿಯನ್ನೇ ನೋಡಿದಳು. "ಅವಳು ಶಾಲೆಗೆ ಹೋಗ್ತಿದ್ದಾಗ ನನ್ನ ಅಂಗಡಿ ಮುಂದೆ ಒಬ್ಬ ಬಂದಿದ್ದ. ನಂಗೆ ಮಗನಾಗೋ ವಯಸ್ಸಿನೋನು. 'ಏಯ್, ಇದನ್ನ ಕಟ್ಟು, ಬೇಗ ಕೊಡು' ಅಂದ. ನಾನು 'ತಗೊಳ್ಳಿ ಯಜಮಾನ್ರೇ, ಮತ್ತೆ ದಯಮಾಡಿಸಿ' ಅಂದೆ. ವ್ಯಾಪಾರ ಅಂದ್ರೆ ಹಾಗೇ ಅಲ್ವಾ? ಈ ಹುಡುಗಿ ಅವತ್ತು ರಾತ್ರಿ ಊಟ ಮಾಡ್ಲಿಲ್ಲ. ಅದಕ್ಕೇ ಈ ಭಾಷೆ ಮಾಡಿದ್ದಂತೆ. ನಂಗೋಸ್ಕರವಂತೆ." ಅವಳು ಮೂಗಿನಲ್ಲೇ ನಕ್ಕಳು. "ನಾನೇನು ಕೇಳಿದ್ನಾ? ನಂಗೆ ಬೇಕಾಗಿದ್ದು ಅವಳು ಹಬ್ಬಕ್ಕೆ ಮನೆಗೆ ಬರೋದು."

ಸುನೊಕ್ ಅವಳ ತೋಳು ಹಿಡಿದು ಮಂದಿರದೊಳಗಿನ ಪಡಸಾಲೆಯ ಬೆಂಚಿನ ಮೇಲೆ ಕೂರಿಸಿದಳು.

"ಇಲ್ಲೇ ಇರಿ. ನಾನೊಬ್ಳೇ ಮಾತಾಡ್ತೀನಿ."

"ನೋಡಮ್ಮ," ಮಾಲ್ಸುನ್ ಅವಳ ತೋಳು ಬಿಡಲಿಲ್ಲ. "ಆಟಕ್ಕೆ ಅವಳ ಹೆಸರು ಹಾಕ್ಲಿ, ಬಿಡ್ಲಿ, ಅದು ನಂಗೆ ಅರ್ಥ ಆಗಲ್ಲ. ತಾನೇ ಹಾರಿದ್ಲು ಅಂತ ಮಾತ್ರ ಬರೆಸ್ಬೇಡ. ತಾಯಿ ಬೇಡ ಅಂತ ಹೋದ ಮಗಳು ಅಂತ ಬರೆದ ಹಾಗೆ ಅದು. ಮಾರ್ಕೆಟ್ಟಲ್ಲಿ ನಾನು ಮುಖ ಎತ್ತಬೇಕಲ್ಲ."

*

ತಾಕ್ ಜುನ್ಮೊ ವೇದಿಕೆಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಕೂತು ಬಾರ್ಲಿ ಚಹಾ ಕುಡಿಯುತ್ತಿದ್ದ. ಅರವತ್ತರ ಪ್ರೊಫೆಸರ್. ಎದೆಗೆ ಯಾರೋ ರೇಷ್ಮೆಯ ಹೂ ಸಿಕ್ಕಿಸಿದ್ದರು. ಕನ್ನಡಿಯಲ್ಲಿ ಸುನೊಕ್‌ಳನ್ನು ಕಂಡು ತಿರುಗದೆಯೇ ನಕ್ಕ.

"ಓಹೋ, ಪತ್ತೇದಾರರು. ಕೂತ್ಕೊಳ್ಳಿ. ಇವತ್ತು ನನ್ನ ಹತ್ರ ಜಾಸ್ತಿ ಹೊತ್ತಿಲ್ಲ."

"ಜಾಸ್ತಿ ಹೊತ್ತು ಬೇಡ, ಸರ್."

ಅವಳು ಚೀಲದಿಂದ ಮಡಿಸುವ ಹಲಗೆಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದಳು. ಅಂಗಡಿಯಿಂದ ತಂದ ಅಗ್ಗದ ಕಲ್ಲುಗಳನ್ನು, ಇಕ್ಸು ಬಿಡಿಸಿಕೊಟ್ಟ ಚಿತ್ರ ನೋಡಿಕೊಂಡು, ಒಂದೊಂದಾಗಿ ಮೂಲೆಯಲ್ಲಿ ಜೋಡಿಸಿದಳು. ಒಂದು ಕಲ್ಲು ಬಿದ್ದು ಆತನ ಬೂಟಿನ ಹತ್ತಿರ ಉರುಳಿತು. ಆತನೇ ಬಗ್ಗಿ ಎತ್ತಿಕೊಟ್ಟ.

"ನಿಮಗೂ ಈ ಹುಚ್ಚಾ?" ತಾಕ್‌ನ ಮುಖ ನಿಜವಾಗಿ ಅರಳಿತು. "ನಾನು ಹೈಸ್ಕೂಲಿಂದ್ಲೂ ಆಡ್ತಿದೀನಿ."

"ಇದನ್ನ ಸ್ವಲ್ಪ ನೋಡಿ ಹೇಳ್ತೀರಾ? ನಂಗೆ ತಲೆಬುಡ ಗೊತ್ತಾಗ್ಲಿಲ್ಲ."

ಆತ ಕನ್ನಡಕ ಏರಿಸಿ ಬಾಗಿದ. ಹಲಗೆಯ ಮೇಲೆ ಬೆರಳು ಆಡಿಸಿದ, ಹುಬ್ಬು ಗಂಟಿಕ್ಕಿದ. ಆಮೇಲೆ ಜೋರಾಗಿ ನಕ್ಕ.

"ಯಾರು ಆಡಿದ್ದು ಇದನ್ನ? ಬಿಳಿ ಇಲ್ಲಿ ಸತ್ತು ಎಷ್ಟೋ ಹೊತ್ತಾಗಿದೆ, ಆದ್ರೂ ಅಲ್ಲೇ ಪೇರಿಸ್ಕೊಂಡು ಹೋಗಿದೆ. ಕಪ್ಪು ಗೆದ್ದಾಯ್ತು. ಇಂಥ ಅಸಂಬದ್ಧ ಆಟ ನಾನೆಲ್ಲೂ ನೋಡಿಲ್ಲ."

"ಎಲ್ಲೂ ನೋಡಿಲ್ವಾ?"

"ಇಲ್ಲ."

"ನಿಮ್ಮ ಕ್ರಿಯಾಪದಗಳು ಸರ್ ಇವು."

ಆತನ ಬೆರಳು ಹಲಗೆಯ ಮೇಲೇ ನಿಂತಿತು.

"ಈ ಸಾಲು 'ಬರು'. ಇದು 'ಸಾಯು'. ಈ ಬಿಳಿಯವು ಇನ್ನೂ ಬಾಯಿಗೆ ಒಗ್ಗದ ರೂಪಗಳು. ಸೆರಿಮ್ ಭಾಷೆ ಮಾಡಿದ್ದೇ ಹೀಗೆ, ಮೊದಲಿಂದ ಕೊನೇವರೆಗೂ. ರಾಜನ ಪಾತ್ರ ಮಾಡೋನಿಗೆ ಗೊತ್ತು. ನೀರಿನ ಕ್ಯಾನ್ ತರ್ತಿದ್ದೋನಿಗೂ ಗೊತ್ತು. ಅವಳ ಜೊತೆ ಕೂತು ನಿಯಮ ಮಾಡಿದೆ ಅಂತ ಇನ್ನು ಸ್ವಲ್ಪ ಹೊತ್ತಲ್ಲಿ ವೇದಿಕೆ ಹತ್ತೋ ನಿಮಗೆ ಗೊತ್ತಿಲ್ಲ."

"ಒಬ್ಬೊಬ್ರು ಒಂದೊಂದು ಥರ ಕೆಲಸ ಮಾಡ್ತಾರೆ," ಎಂದ ತಾಕ್. ದನಿ ಏರಲಿಲ್ಲ. "ನನ್ನ ಕಚೇರೀಲಿ ಅವಳು ಕಾಗದದ ಮೇಲೆ ತೋರಿಸ್ತಿದ್ಲು. ಮನೇಲಿ ಏನು ಆಟ ಆಡ್ತಿದ್ಲೋ ನಂಗ್ಯಾಕೆ? ನಾನು ಆ ಕೋಣೆಗೆ ಕಾಲಿಟ್ಟೋನೇ ಅಲ್ಲ. ಪೊಲೀಸರಿಗೂ ಹೇಳಿದೀನಿ."

"ಹೇಳಿದೀರಿ. ಅದನ್ನೇ ಕೇಳೋಣ ಅಂತ ಬಂದೆ." ಸುನೊಕ್ ಫೋಟೋವನ್ನು ಹಲಗೆಯ ಮೇಲಿಟ್ಟಳು. "ಯಾರೋ ಬಂದು ಇದನ್ನ ಮುಗಿದ ಆಟ ಅಂದ್ಕೊಂಡು ಎತ್ತಿಟ್ಟಿದ್ದಾರೆ. ಬಟ್ಟಲು ನಡುವೆ, ಜೋಡಿಯಾಗಿ. ಅದು ಅಂಗಡೀಲಿ ಕಲಿತ ಕೈ. ಪೊಲೀಸರು ಮುಚ್ಚಳ ತೆಗೆದು ನೋಡ್ಲೇ ಇಲ್ಲ. ನಾನೂ ತೆಗೆದಿಲ್ಲ, ಬಾಗಿಲಿಗೆ ಬೀಗ ಹಾಕಿ ಬಂದಿದೀನಿ. ಆ ಕಲ್ಲುಗಳು ನುಣುಪು ಸರ್. ಬೆರಳಚ್ಚು ಚೆನ್ನಾಗಿ ಕೂರತ್ತೆ. ನೀವು ಹೋಗಿಲ್ಲ ಅಂದ್ರೆ ಭಯ ಯಾಕೆ?"

ಬೆರಳಚ್ಚು ಇಷ್ಟು ದಿನ ನಿಲ್ಲುತ್ತದೋ ಇಲ್ಲವೋ ಅವಳಿಗೆ ಖಾತ್ರಿ ಇರಲಿಲ್ಲ. ಮುಖದಲ್ಲಿ ಅದು ಕಾಣದಿರಲಿ ಎಂದು ಆತನ ಎದೆಯ ಹೂವನ್ನೇ ನೋಡುತ್ತ ಕೂತಳು. ಆ ಹೂವು ಮೇಲೆ ಕೆಳಗೆ ಆಡತೊಡಗಿತ್ತು.

ಹೊರಗೆ ಮೈಕ್ ಪರೀಕ್ಷಿಸುವ ಸದ್ದು ಕೇಳಿಸಿತು.

"ನೀನು ಯಾರು ಅಂತ ತಿಳ್ಕೊಂಡಿದೀಯಾ?" ಎಂದ ತಾಕ್. 'ಕೂತ್ಕೊಳ್ಳಿ' ಎಂದ ಬಾಯಿ ಅದೇ. "ಮೀನು ಮಾರೋಳ ಹತ್ರ ಕೂಲಿ ತಗೊಂಡು ನನ್ನ ಮುಂದೆ..."

"ಹೌದು. ಅವಳ ಹತ್ರಾನೇ."

ಆತ ಚಹಾದ ಲೋಟ ಎತ್ತಿದ, ಕುಡಿಯದೆ ಇಟ್ಟ. ಮುಂದಿನ ಮಾತು ಬಂದಾಗ ಅದು ಹಲಗೆಗೆ ಹೇಳಿದಂತಿತ್ತು.

"ಮರ್ಯಾದೆ ರೂಪ ಸೇರಿಸು ಅಂತ ಹೇಳೋಕೆ ಹೋಗಿದ್ದೆ. ಕಂಪನಿಯೋರೇ ಕಳಿಸಿದ್ದು. ಅವಳು ಆಗಲ್ಲ ಅಂದ್ಲು. ನನ್ನ ಹೆಸರು ಹಾಕೋ ವಿಷಯ ಅವಳಿಗೆ ಅವತ್ತೇ ಗೊತ್ತಾಗಿದ್ದು. ಮಾತು ಬೆಳೀತು. ಒಣಗಿಸಿದ ಬಟ್ಟೆ ತರ್ತೀನಿ ಅಂತ ಹೊರಗೆ ಹೋದ್ಲು, ಅಳೋದು ಕಾಣಬಾರ್ದು ಅಂತ ಇರಬೇಕು. ನಾನು ಸುಮ್ನೆ ಕೂತಿದ್ದೆ. ಮುಂದೆ ಹಲಗೆ ಇತ್ತು. ಕೈ ತನ್ನಷ್ಟಕ್ಕೆ..." ಆತ ತನ್ನ ಬಲಗೈ ನೋಡಿಕೊಂಡ. "ನಂಗೆ ಗೊತ್ತಿರ್ಲಿಲ್ಲ. ದೇವರಾಣೆ, ಅದೇನು ಅಂತ ಗೊತ್ತಿರ್ಲಿಲ್ಲ."

"ಅವಳು ವಾಪಸ್ ಬಂದಾಗ?"

"ಬಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಂತ್ಲು. ಹಲಗೆ ನೋಡಿದ್ಲು. ಬೈಲಿಲ್ಲ, ಕೂಗಲಿಲ್ಲ. ನಕ್ಕಳು. 'ಹಾಗಾದ್ರೆ ನೀವು ಒಂದ್ಸಲಾನೂ ಕೇಳಿಸ್ಕೊಂಡೇ ಇಲ್ಲ' ಅಂದ್ಲು. ಇಷ್ಟು ವರ್ಷ ನಿಮ್ಮ ಕಚೇರೀಲಿ ನಾನು ಗೋಡೆ ಜೊತೆ ಮಾತಾಡಿದ್ದಾ ಅಂತ. ಹೋಗಿ ಅಂದ್ಲು. ಹೋದೆ. ನಾನು ಮುಟ್ಟಿಲ್ಲ ಅವಳನ್ನ. ನಾನು ಹೊರಟಾಗ ಬದುಕಿದ್ಲು."

"ಅದನ್ನ ಹೇಳೋಕೆ ನೀವೊಬ್ರೇ ಇದೀರಿ."

"ಒಬ್ನೇ ಅಲ್ಲ."

ತಾಕ್ ತಲೆಯೆತ್ತಿದ. ಸೋತವನ ಮುಖದಲ್ಲಿ ಸಣ್ಣದೊಂದು ಸಮಾಧಾನ ಕಾಣಿಸಿತು. ಸುನೊಕ್‌ಗೆ ಅದು ಸರಿಬೀಳಲಿಲ್ಲ.

"ಕೆಳಗೆ ಇಳೀತಾ ಇದ್ದೆ. ಕಬ್ಬಿಣದ ಮೆಟ್ಟಿಲ ಮೇಲೆ ಒಬ್ಳು ಮುದುಕಿ ಎದುರಾದ್ಲು, ಗಂಟು ಹೊತ್ಕೊಂಡು ಏದುಸಿರು ಬಿಡ್ತಾ. ಒಣಮೀನಿನ ವಾಸನೆ. ನನ್ನ ಕೋಟು ನೋಡಿ ಗೋಡೆಗೆ ಸರಿದು ನಿಂತ್ಲು. 'ನನ್ನ ಮಗಳ ಜೊತೆ ಭಾಷೆ ಮಾಡೋ ಮೇಷ್ಟ್ರು ತಾವೇ ಏನು?' ಅಂದ್ಲು. ನಾನು... ಹೌದು ಅಂದೆ. ಗಂಟು ಕೆಳಗಿಟ್ಟು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ್ಲು. 'ದಡ್ಡಿ ಅವಳು, ತಾವು ತಿದ್ದಿ ದಾರಿಗೆ ತರಬೇಕು' ಅಂದ್ಲು. ಮೇಲೆ ಬಾಗಿಲಲ್ಲಿ ಸೆರಿಮ್ ನಿಂತಿದ್ಲು. ಎಲ್ಲ ನೋಡ್ತಾ."

ಸುನೊಕ್ ಫೋಟೋವನ್ನು ಹಿಂದಕ್ಕೆ ಎಳೆದುಕೊಂಡಳು.

ಆ ದಿನ ತಾನು ಗುನ್ಸಾನ್‌ನಲ್ಲೇ ಇದ್ದೆ, ಸುದ್ದಿ ಫೋನಿನಲ್ಲಿ ಬಂತು ಎಂದು ಮಾಲ್ಸುನ್ ಮೊದಲ ದಿನವೇ ಹೇಳಿದ್ದಳು. ಅಳುತ್ತಾ ಹೇಳಿದ್ದಳು. ಅಳುವವರ ಮಾತನ್ನು ಪರೀಕ್ಷಿಸಬಾರದು ಎಂದು ಸುನೊಕ್ ಅದೊಂದನ್ನು ಮಾತ್ರ ಪರೀಕ್ಷಿಸಿರಲಿಲ್ಲ.

"ಇದನ್ನ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಾನೂ ಅಲ್ಲಿದ್ದೆ ಅಂತ ಹೇಳ್ಬೇಕಲ್ಲ." ತಾಕ್ ಎದ್ದು ಕೋಟಿನ ಅಂಚು ಎಳೆದುಕೊಂಡ. ಹೊರಗೆ ಯಾರೋ ಆತನ ಹೆಸರು ಕೂಗಿ ಬಾಗಿಲು ತಟ್ಟುತ್ತಿದ್ದರು. "ಹೋಗಿ, ಬೆರಳಚ್ಚು ತೆಗೆಸಿ. ನಾನು ಬಂದಿದ್ದೆ ಅಂತ ಒಪ್ಕೋತೀನಿ. ಆದ್ರೆ ನಾನು ಹೋದ್ಮೇಲೆ ಒಳಗೆ ಹೋದೋರು ಯಾರು ಅನ್ನೋದನ್ನೂ ಅಲ್ಲೇ ಹೇಳ್ಬೇಕಾಗತ್ತೆ. ನಿಮ್ಮ ಕೂಲಿ ಕೊಡೋರನ್ನ ಒಂದ್ಸಲ ಕೇಳಿ ಬನ್ನಿ."

ಮತ್ತೆ ಬಹುವಚನ. ಅದು ಬೈಗುಳಕ್ಕಿಂತ ಕೆಟ್ಟದಾಗಿ ತಾಕಿತು.

ಸುನೊಕ್ ಹಲಗೆಯನ್ನು ಅಲ್ಲೇ ಬಿಟ್ಟಳು. ಬಾಗಿಲು ತೆರೆದಾಗ ಸಭಾಂಗಣದ ಗದ್ದಲ ಒಮ್ಮೆಲೇ ಮುಖಕ್ಕೆ ರಾಚಿತು. ಸಾವಿರಾರು ಎಳೆ ಗಂಟಲುಗಳು ಸೆರಿಮ್ ಕಟ್ಟಿದ ಮಾತುಗಳನ್ನು ಕೂಗುತ್ತಿದ್ದವು. ಸೆರಿಮ್ ಯಾರೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪಡಸಾಲೆಯ ಬೆಂಚಿನ ಮೇಲೆ ಮಾಲ್ಸುನ್ ಬೆನ್ನು ನೇರ ಮಾಡಿಕೊಂಡು ಕೂತಿದ್ದಳು, ಆಸ್ಪತ್ರೆಯಲ್ಲಿ ಹೆಸರು ಕರೆಯುವುದನ್ನು ಕಾಯುವವರಂತೆ. ಸುನೊಕ್ ಹತ್ತಿರ ಬಂದು ನಿಂತಳು. ಕೇಳಬೇಕಾದ ಪ್ರಶ್ನೆಯನ್ನು ಒಂದೊಂದೇ ಪದವಾಗಿ ಜೋಡಿಸಿಕೊಳ್ಳುತ್ತಿದ್ದಳು. ಯಾವುದರಿಂದ ಶುರುಮಾಡಿದರೂ ಅದು ಆಪಾದನೆಯಾಗುತ್ತಿತ್ತು.

ಮುದುಕಿ ಅವಳ ಮುಖವನ್ನು ತುಂಬ ಹೊತ್ತು ನೋಡಿದಳು. ಏನಾಯಿತು ಎಂದು ಕೇಳಲಿಲ್ಲ. ಆತ ಒಪ್ಪಿಕೊಂಡನೇ ಎಂದೂ ಕೇಳಲಿಲ್ಲ.

"ಅವನು ನನ್ನ ನೋಡಿದ್ದನ್ನ ಹೇಳಿದ್ನಾ?" ಎಂದಳು.

ಸುನೊಕ್ ಅವಳ ಪಕ್ಕ ಕೂತಳು.

ಮಾಲ್ಸುನ್ ತಲೆಯಾಡಿಸಿದಳು. ಎದ್ದು ನಿಂತು ಲಂಗದ ಸುಕ್ಕನ್ನು ಎರಡೂ ಕೈಯಿಂದ ನಿಧಾನವಾಗಿ ಸರಿಮಾಡಿಕೊಂಡಳು.

"ಹಾಗಾದ್ರೆ ಸ್ಟೇಷನ್ನಿಗೆ ಫೋನ್ ಮಾಡಮ್ಮ," ಎಂದಳು. "ತಾಯಿ ಅಲ್ಲಿದ್ಲು ಅಂತ ಬರೆಯೋದಕ್ಕಿಂತ, ತಾನೇ ಹಾರಿದ್ಲು ಅಂತಲೇ ಬರ್ಕೊಳ್ಳಿ ಅಂತ ಹೇಳ್ಬಿಡು."